ಬ್ಯಾಟಲ್‌ಟೆಕ್‌ನಲ್ಲಿ ದಾಳಿ ಮಾಡುವುದು ಹೇಗೆ: ದಾಳ ಉರುಳುವ ಮುಂಚೆ ಮಾಡಬೇಕಾದ ಕೆಲಸ

ಹುಲಿ-ಕುರಿ ಆಟದಲ್ಲಿ ಕುರಿಗೆ ಹುಲಿಯನ್ನು ಹೊಡೆಯುವ ಶಕ್ತಿ ಇಲ್ಲ. ಆದರೂ ಕುರಿ ಕಡೆಯವರು ಗೆಲ್ಲುತ್ತಾರೆ. ಹುಲಿ ಹಾರಬೇಕಾದ ಮನೆಯಲ್ಲಿ ಮೊದಲೇ ಹೋಗಿ ಕೂತಿರುತ್ತಾರೆ, ಅಷ್ಟೇ. ಬ್ಯಾಟಲ್‌ಟೆಕ್ ಅನ್ನೋ ಯುದ್ಧದ ಬೋರ್ಡ್ ಆಟ ಕಲಿಯುವಾಗ ನನಗೆ ಜಾಸ್ತಿ ನೆರವಾದದ್ದು ಈ ಹಳೇ ಆಟದ ನೆನಪು.

ಮೊದಮೊದಲು ನಾನು ಆಡುತ್ತಿದ್ದ ರೀತಿ ಬೇರೆ. ದೊಡ್ಡ ಮೆಕ್ (ಒಳಗೆ ಪೈಲಟ್ ಕೂತು ನಡೆಸುವ ಯುದ್ಧಯಂತ್ರ) ತಗೊಂಡು ಕಾಡಿನ ಮನೆಯಲ್ಲಿ ನಿಲ್ಲಿಸುತ್ತಿದ್ದೆ. ಪ್ರತಿ ಸುತ್ತೂ ಇರುವ ಆಯುಧವೆಲ್ಲ ಹಾರಿಸುತ್ತಿದ್ದೆ. ಸೋತಾಗ ದಾಳ ಕೈಕೊಟ್ಟಿತು ಅಂದುಕೊಳ್ಳುತ್ತಿದ್ದೆ. ಆಮೇಲೊಂದು ದಿನ ಕೂತು ಪ್ರತಿ ಗುಂಡಿನ ಲೆಕ್ಕ ಹಾಕಿ ನೋಡಿದೆ. ಎದುರಾಳಿಗೆ 6 ಬಿದ್ದರೆ ಸಾಕಾಗುತ್ತಿದ್ದ ಕಡೆ ನನಗೆ 9 ಬೇಕಾಗುತ್ತಿತ್ತು. ದಾಳ ಉರುಳುವ ಮುಂಚೆಯೇ ನಾನು ಸೋತಿದ್ದೆ. ಅದಕ್ಕೇ ಈ ಬರಹ ಪೂರ್ತಿ ಒಂದೇ ಮಾತಿನ ಸುತ್ತ ಇದೆ: ನಿಮ್ಮ ಅಂಕೆ ಚಿಕ್ಕದಾಗುವ, ಎದುರಾಳಿಯ ಅಂಕೆ ದೊಡ್ಡದಾಗುವ ಮನೆಯನ್ನು ಹುಡುಕಿ ಅಲ್ಲಿಗೆ ಹೋಗುವುದೇ ದಾಳಿ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. 1984ರಲ್ಲಿ ಅಮೆರಿಕದ ಶಿಕಾಗೋದ ಫಾಸಾ ಕಂಪನಿ ಇದನ್ನು 'ಬ್ಯಾಟಲ್‌ಡ್ರಾಯ್ಡ್ಸ್' ಅನ್ನೋ ಹೆಸರಲ್ಲಿ ತಂದಿತು. 'ಡ್ರಾಯ್ಡ್' ಪದದ ಹಕ್ಕು ಲ್ಯೂಕಾಸ್‌ಫಿಲ್ಮ್ ಹತ್ತಿರ ಇತ್ತು. ಹಾಗಾಗಿ ಮರುವರ್ಷ ಹೆಸರು ಬ್ಯಾಟಲ್‌ಟೆಕ್ ಆಯಿತು. ಈಗ ಕ್ಯಾಟಲಿಸ್ಟ್ ಗೇಮ್ ಲ್ಯಾಬ್ಸ್ ಹೊರತರುತ್ತಿದೆ. ಆರು ಮೂಲೆಯ ಮನೆಗಳಿರುವ ನಕ್ಷೆ, ಒಂದೊಂದು ಮನೆ 30 ಮೀಟರ್. ಒಂದು ಸುತ್ತು ಅಂದರೆ 10 ಸೆಕೆಂಡಿನ ಯುದ್ಧ. ಎರಡು ದಾಳ, ಒಂದು ಪೆನ್ಸಿಲ್, ಪ್ರತಿ ಮೆಕ್‌ಗೂ ಒಂದು ಹಾಳೆ. ಇಲ್ಲಿನ ಉದಾಹರಣೆಗಳಿಗೆಲ್ಲ 2019ರ 'ಎ ಗೇಮ್ ಆಫ್ ಆರ್ಮರ್ಡ್ ಕಾಂಬ್ಯಾಟ್' ಪೆಟ್ಟಿಗೆಯಲ್ಲಿ ಬರುವ ಮೆಕ್‌ಗಳನ್ನೇ ತಗೊಂಡಿದ್ದೇನೆ. ಪೈಲಟ್‌ಗಳ ಕೌಶಲವೂ ಮಾಮೂಲಿಯದೇ: ಗುಂಡು ಹೊಡೆಯುವ ಗನ್ನರಿ 4, ಮೆಕ್ ನಡೆಸುವ ಪೈಲಟಿಂಗ್ 5.

ಹೆಜ್ಜೆ 1: ಅಂಕೆ ಕೂಡಿಸುವುದು ಬಾಯಿಪಾಠ ಆಗಲಿ

ಗುಂಡು ತಗುಲಲು ಎರಡು ದಾಳದಲ್ಲಿ ಎಷ್ಟು ಬೀಳಬೇಕು ಅನ್ನೋದೇ ಗುರಿ ಅಂಕೆ. ಐದು ವಿಷಯ ಕೂಡಿಸಬೇಕು.

ಮೊದಲನೆಯದು ನಿಮ್ಮ ಗನ್ನರಿ, ಅಂದರೆ 4. ಎರಡನೆಯದು ನೀವು ಹೇಗೆ ನಡೆದಿರಿ ಅನ್ನೋದು. ನಿಂತಿದ್ದರೆ 0, ನಡೆದರೆ 1, ಓಡಿದರೆ 2, ಜೆಟ್ ಹಚ್ಚಿ ಹಾರಿದರೆ 3. ಮೂರನೆಯದು ಗುರಿಯಾದ ಮೆಕ್ ಎಷ್ಟು ಮನೆ ದಾಟಿತು ಅನ್ನೋದು. 2ರ ತನಕ ಏನೂ ಇಲ್ಲ. 3-4 ಮನೆಗೆ 1, 5-6ಕ್ಕೆ 2, 7ರಿಂದ 9ಕ್ಕೆ 3, 10ರಿಂದ 17ಕ್ಕೆ 4. ಹಾರಿದ್ದರೆ ಇನ್ನೂ 1 ಸೇರಿಸಿ. ನಾಲ್ಕನೆಯದು ಮಧ್ಯೆ ಇರುವ ಅಡ್ಡಿ. ತೆಳು ಕಾಡಿಗೆ 1, ದಟ್ಟ ಕಾಡಿಗೆ 2, ಕಾಲು ಮುಚ್ಚುವಷ್ಟು ಗುಡ್ಡ ಇದ್ದರೆ 1. ಐದನೆಯದು ದೂರ. ಹತ್ತಿರಕ್ಕೆ 0, ಮಧ್ಯಕ್ಕೆ 2, ದೂರಕ್ಕೆ 4.

ಎರಡನೆಯದನ್ನೂ ಮೂರನೆಯದನ್ನೂ ಪಕ್ಕಪಕ್ಕ ಇಟ್ಟು ನೋಡಿ. ನೀವು ಓಡಿದರೆ ನಿಮಗಾಗುವ ನಷ್ಟ ಬರೀ 2. ಅದೇ ಓಟದಲ್ಲಿ 7 ಮನೆ ದಾಟಿದರೆ ಎದುರಾಳಿಗಾಗುವ ನಷ್ಟ 3. 10 ಮನೆ ದಾಟಿದರೆ 4. ವೇಗದ ಮೆಕ್‌ಗೆ ಓಟದಿಂದ ಯಾವಾಗಲೂ ಲಾಭ. ಹಾಗೇ ಉಲ್ಟಾನೂ ನೋಡಿ. 3 ಮನೆ ಮಾತ್ರ ಓಡಿ ನಿಂತರೆ ನಿಮಗೆ 2 ನಷ್ಟ, ಎದುರಾಳಿಗೆ 1. ಅದು ಕೆಟ್ಟ ವ್ಯಾಪಾರ. ಓಡುವುದಾದರೆ ಮುಂದಿನ ಮೆಟ್ಟಿಲು ಮುಟ್ಟುವಷ್ಟು ಓಡಿ, ಇಲ್ಲದಿದ್ದರೆ ನಡೆಯಿರಿ.

ಇನ್ನು ಈ ಅಂಕೆಗಳ ಬೆಲೆ. ಎರಡು ದಾಳದಲ್ಲಿ ಆ ಅಂಕೆ ಅಥವಾ ಅದಕ್ಕಿಂತ ಜಾಸ್ತಿ ಬೀಳುವ ಸಾಧ್ಯತೆ ಹೀಗಿದೆ:

5 — ಶೇ. 83
6 — ಶೇ. 72
7 — ಶೇ. 58
8 — ಶೇ. 42
9 — ಶೇ. 28
10 — ಶೇ. 17
11 — ಶೇ. 8
12 — ಶೇ. 3

7ರಿಂದ 9ರ ನಡುವೆ ಬರೀ ಎರಡೇ ಅಂಕೆ. ಆದರೆ ಗುಂಡು ತಗುಲುವ ಸಾಧ್ಯತೆ ಅರ್ಧಕ್ಕರ್ಧ ಬಿದ್ದುಹೋಗುತ್ತದೆ. ದಟ್ಟ ಕಾಡಿನ ಒಂದು ಮನೆ ಇಷ್ಟು ಕೆಲಸ ಮಾಡುತ್ತದೆ ಅಂತ ನನಗೆ ಅರ್ಥವಾಗಲು ತಿಂಗಳುಗಳೇ ಹಿಡಿದವು. ಈ ಪಟ್ಟಿಯನ್ನು ಒಂದು ಚೀಟಿಯಲ್ಲಿ ಬರೆದು ಹಾಳೆಯ ಪಕ್ಕ ಇಟ್ಟುಕೊಳ್ಳಿ.

ಹೆಜ್ಜೆ 2: ಗುರಿಯ ಹಾಳೆ ಓದಿ

ನಿಮ್ಮ ಮೆಕ್‌ನ ಹಾಳೆ ಎಲ್ಲರೂ ಓದುತ್ತಾರೆ. ಎದುರಾಳಿಯ ಹಾಳೆ ಓದುವವರು ಕಡಿಮೆ. ದಾಳಿಯ ಯೋಜನೆ ಶುರುವಾಗುವುದೇ ಅಲ್ಲಿಂದ.

80 ಟನ್ನಿನ ಆಸಮ್ ಮೆಕ್ ತಗೊಳ್ಳಿ, ಎಡಬ್ಲ್ಯೂಎಸ್-8ಕ್ಯೂ. ಅದರಲ್ಲಿ ಮೂರು ಪಿಪಿಸಿ (ದೂರ ಹೊಡೆಯುವ ದೊಡ್ಡ ಕಣ-ಫಿರಂಗಿ) ಇವೆ. ತಗುಲಿದರೆ ಒಂದೊಂದಕ್ಕೂ 10 ಹಾನಿ. ಹಾರಿಸಿದಾಗ, ಓಡಿದಾಗ ಏರುವ ಬಿಸಿಯನ್ನು ಇಳಿಸಲು 28 ಹೀಟ್ ಸಿಂಕ್ ಇರುವುದರಿಂದ ಮೂರನ್ನೂ ಪದೇಪದೇ ಹಾರಿಸಬಹುದು. ಎದುರಿಗೆ ನಿಂತರೆ ನರಕ. ಆದರೆ ಹಾಳೆಯಲ್ಲಿ ನಾಲ್ಕು ವಿಷಯ ಕಾಣುತ್ತವೆ.

ಒಂದು, ಅದು ನಿಧಾನ. ಒಂದು ಸುತ್ತಿಗೆ ನಡೆದರೆ 3 ಮನೆ, ಓಡಿದರೆ 5. ತನ್ನನ್ನು ತಾನು ಓಟದಿಂದ ಕಾಪಾಡಿಕೊಳ್ಳಲು ಅದಕ್ಕೆ ಆಗುವುದಿಲ್ಲ.

ಎರಡು, ಪಿಪಿಸಿಗೆ 3 ಮನೆಯ ಕನಿಷ್ಠ ದೂರ ಇದೆ. ಗುರಿ 3 ಮನೆ ದೂರದಲ್ಲಿದ್ದರೆ ಅಂಕೆಗೆ 1 ಸೇರುತ್ತದೆ. 2 ಮನೆಯಾದರೆ 2, ಪಕ್ಕದ ಮನೆಯೇ ಆದರೆ 3.

ಮೂರು, ಮೂರು ಪಿಪಿಸಿಗಳಲ್ಲಿ ಎರಡು ಎದೆಯ ಎರಡು ಬದಿಗಳಲ್ಲಿವೆ, ಒಂದು ಬಲಗೈಯಲ್ಲಿದೆ. ಎಡಗೈಯಲ್ಲಿ ಏನೂ ಇಲ್ಲ. ಹಿಂದಕ್ಕೆ ಗುರಿಯಿಟ್ಟ ಆಯುಧವೂ ಇಲ್ಲ.

ನಾಲ್ಕು, ಬೆನ್ನಿನ ಕವಚ ಎದೆಗಿಂತ ತೆಳು. ಇದು ಹೆಚ್ಚುಕಡಿಮೆ ಎಲ್ಲ ಮೆಕ್‌ಗಳಿಗೂ ಅನ್ವಯಿಸುವ ಮಾತು. ಲೋಕಸ್ಟ್‌ನಂಥ 20 ಟನ್ನಿನ ಮೆಕ್‌ಗಂತೂ ಎದೆಯ ನಡುವೆ 10 ಕವಚ, ಬೆನ್ನಲ್ಲಿ ಬರೀ 2.

ಹೀಗೆ ಓದಿದಾಗ ಆಸಮ್ ತಾನೇ ಹೇಳುತ್ತದೆ: ಹತ್ತಿರ ಬಾ, ಎಡಗಡೆಯಿಂದ ಅಥವಾ ಹಿಂದಿನಿಂದ ಬಾ, ಓಡಿಕೊಂಡು ಬಾ ಅಂತ. 65 ಟನ್ನಿನ ಕ್ಯಾಟಪಲ್ಟ್ ಕೂಡ ಹಾಗೇ. ಅದರ ಎರಡು ಎಲ್‌ಆರ್‌ಎಂ-15 (ದೂರದ ಕ್ಷಿಪಣಿ) ಉಡಾವಣೆ ಪೆಟ್ಟಿಗೆಗಳಿಗೆ 6 ಮನೆಯ ಕನಿಷ್ಠ ದೂರ. ಪಕ್ಕದ ಮನೆಯಲ್ಲಿ ನಿಂತವನ ಮೇಲೆ ಹಾರಿಸಿದರೆ 6 ಅಂಕೆ ಸೇರುತ್ತದೆ. ಅಂದರೆ ಅದು ಬರೀ ನಾಲ್ಕು ಮೀಡಿಯಂ ಲೇಸರ್ ಇರುವ ಮೆಕ್ ಆಗಿಬಿಡುತ್ತದೆ.

ಹೆಜ್ಜೆ 3: ದೂರ ಆರಿಸಿ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ದಾಳಿಯ ಜೀವ ಇರುವುದು ಇಲ್ಲೇ.

ನಿಮ್ಮ ಹತ್ತಿರ 55 ಟನ್ನಿನ ವುಲ್ವರೀನ್ ಇದೆ. ಒಂದು ಎಸಿ/5 (ಫಿರಂಗಿ), ಒಂದು ಎಸ್‌ಆರ್‌ಎಂ-6 (ಹತ್ತಿರಕ್ಕೆ ಹೊಡೆಯುವ ಆರು ಕ್ಷಿಪಣಿ), ಒಂದು ಮೀಡಿಯಂ ಲೇಸರ್. ನಡಿಗೆ 5, ಓಟ 8, ಜಿಗಿತ 5. ಎದುರಿಗೆ ಆಸಮ್.

12 ಮನೆ ದೂರದಲ್ಲಿ ಇಬ್ಬರೂ ನಿಂತೇ ಹೊಡೆದಾಡಿದರೆ? ಎಸಿ/5ಗೂ ಪಿಪಿಸಿಗೂ ಅದು ಮಧ್ಯದ ದೂರ. ಇಬ್ಬರಿಗೂ 4+2, ಅಂದರೆ 6 ಬೇಕು. ಸಮ ಅಂತ ಅನಿಸುತ್ತದೆ. ಆದರೆ ನಿಮ್ಮ ಕೈಯಲ್ಲಿ ಆ ದೂರಕ್ಕೆ ತಲುಪುವುದು 5 ಹಾನಿಯ ಒಂದು ಗನ್. ಅದರ ಕೈಯಲ್ಲಿ 30. ಹೀಗೆ ನಾಲ್ಕು ಸುತ್ತು ನಿಂತರೆ ವುಲ್ವರೀನ್ ಕಥೆ ಮುಗಿಯಿತು.

ಈಗ ಬೇರೆ ಥರ. ಆಸಮ್ 2 ಮನೆ ನಡೆದು ನಿಂತಿದೆ. ವುಲ್ವರೀನ್ 7 ಮನೆ ಓಡಿ ಅದರಿಂದ ಸರಿಯಾಗಿ 2 ಮನೆ ದೂರಕ್ಕೆ ಬರುತ್ತದೆ.

ನಿಮ್ಮ ಲೇಸರ್ ಮತ್ತು ಎಸ್‌ಆರ್‌ಎಂಗೆ: ಗನ್ನರಿ 4, ಓಟ 2, ಗುರಿಯ ನಡೆ 0, ಹತ್ತಿರದ ದೂರ 0. ಒಟ್ಟು 6. ಶೇ. 72. ಎಸಿ/5ಗೂ 3 ಮನೆಯ ಕನಿಷ್ಠ ದೂರ ಇರುವುದರಿಂದ ಅದಕ್ಕೆ ಮಾತ್ರ 8.

ಆಸಮ್‌ನ ಪಿಪಿಸಿಗೆ: ಗನ್ನರಿ 4, ನಡಿಗೆ 1, ನಿಮ್ಮ 7 ಮನೆ ಓಟಕ್ಕೆ 3, ಕನಿಷ್ಠ ದೂರಕ್ಕೆ 2. ಒಟ್ಟು 10. ಶೇ. 17.

ಅದೇ ಎರಡು ಮೆಕ್, ಅದೇ ದಾಳ. ನಿಂತ ಮನೆ ಮಾತ್ರ ಬೇರೆ.

ಇನ್ನೂ ಒಂದು ಮನೆ ಹತ್ತಿರ ಹೋದರೆ ಅದಕ್ಕೆ 11 ಬೇಕಾಗುತ್ತದಲ್ವಾ, ಅಲ್ಲಿಗೇ ಹೋಗಬಾರದಾ? ಮುಂದುಗಡೆ ಹೋಗಬೇಡಿ. ಪಕ್ಕದ ಮನೆಗೆ ಹೋದರೆ ಆಸಮ್ ಒದೆಯಬಹುದು. ಒದೆತದ ಹಾನಿ ಅಂದರೆ ಟನ್ನನ್ನು 5ರಿಂದ ಭಾಗಿಸಿ. 80 ಟನ್ನಿಗೆ 16 ಹಾನಿ, ಅದೂ ಒಂದೇ ಕಾಲಿಗೆ. ಅದರ ಅಂಕೆ ಪೈಲಟಿಂಗ್ 5ರಿಂದ 2 ಕಳೆದು, ನಡಿಗೆಗೆ 1, ನಿಮ್ಮ ಓಟಕ್ಕೆ 3 ಸೇರಿಸಿ, 7. ಶೇ. 58. ಎರಡು ಮನೆ ದೂರದಲ್ಲಿ ಕಾಲು ತಲುಪುವುದಿಲ್ಲ, ಪಿಪಿಸಿಯೂ ತಡಕಾಡುತ್ತದೆ. ಆಸಮ್ ಎದುರಿಗೆ ಸಿಕ್ಕಾಗಲೆಲ್ಲ ಈ ಎರಡನೇ ಮನೆಯನ್ನೇ ನಾನು ಹುಡುಕುತ್ತೇನೆ.

ಹಿಂದುಗಡೆ ಹೋಗುವಂತಿದ್ದರೆ ಮಾತು ಬೇರೆ. ಒದೆತ ಪಾದ ಮುಖ ಮಾಡಿದ ಕಡೆಗೆ ಮಾತ್ರ. ಬೆನ್ನ ಹಿಂದಿನ ಪಕ್ಕದ ಮನೆ ಕ್ಷೇಮ.

ಹಾರುವುದಾ, ಓಡುವುದಾ ಅನ್ನೋ ಪ್ರಶ್ನೆಯೂ ಇಲ್ಲೇ ಬರುತ್ತದೆ. ವುಲ್ವರೀನ್ 5 ಮನೆ ಹಾರಿದರೆ ಎದುರಾಳಿಗೆ 2+1, ಅಂದರೆ 3 ನಷ್ಟ. ಓಡಿ 7 ಮನೆ ದಾಟಿದರೂ ಅದೇ 3. ಆದರೆ ಹಾರಿದಾಗ ನಿಮ್ಮ ಅಂಕೆಗೆ 3 ಸೇರುತ್ತದೆ, ಓಡಿದಾಗ 2. ಬಿಸಿಯೂ ಹಾರಿದರೆ 5, ಓಡಿದರೆ 2. ಬಯಲಲ್ಲಿ ಓಟವೇ ಮೇಲು. ಹಾರುವುದರ ಲಾಭ ಬೇರೆ ಕಡೆ ಇದೆ. ಕಾಡು, ಗುಡ್ಡ ಯಾವುದನ್ನೂ ಲೆಕ್ಕಿಸದೆ ದಾಟಬಹುದು. ಇಳಿದಾಗ ಯಾವ ದಿಕ್ಕಿಗೆ ಬೇಕಾದರೂ ಮುಖ ಮಾಡಿ ನಿಲ್ಲಬಹುದು, ಅದಕ್ಕೆ ಖರ್ಚಿಲ್ಲ. ಓಡುವಾಗ ಒಂದೊಂದು ತಿರುವಿಗೂ ಒಂದು ನಡೆಯ ಅಂಕ (ಬಯಲಲ್ಲಿ ಒಂದು ಮನೆ ದಾಟುವಷ್ಟು) ಹೋಗುತ್ತದೆ. ಹಾಗಾಗಿ ಎದುರಾಳಿಯ ತಲೆ ಮೇಲಿಂದ ದಾಟಿ ಬೆನ್ನ ಹಿಂದೆ ಇಳಿಯಲು ಹಾರಿ. ಉಳಿದಂತೆ ಓಡಿ.

ಹೆಜ್ಜೆ 4: ಯಾರು ಮೊದಲು ನಡೆಯಬೇಕು?

ಪ್ರತಿ ಸುತ್ತಿನ ಶುರುವಿನಲ್ಲಿ ಇಬ್ಬರೂ ಎರಡು ದಾಳ ಹಾಕುತ್ತಾರೆ, ಇದಕ್ಕೆ ಇನಿಶಿಯೇಟಿವ್ ಅನ್ನುತ್ತಾರೆ. ಸೋತವರು ಮೊದಲು ಒಂದು ಮೆಕ್ ನಡೆಸಬೇಕು, ಆಮೇಲೆ ಗೆದ್ದವರು ಒಂದು, ಹೀಗೆ. ಗೆದ್ದವರ ಕೊನೆಯ ಮೆಕ್ ಎಲ್ಲರ ಜಾಗ ನೋಡಿ ನಡೆಯುತ್ತದೆ. ಬೆನ್ನ ಹಿಂದೆ ಹೋಗುವ ಅವಕಾಶ ಅದಕ್ಕೇ.

ಗೆದ್ದಾಗ ಏನು ಮಾಡಬೇಕು ಅನ್ನೋದು ಸುಲಭ. ದಾಳಿ ಮಾಡುವ ಮೆಕ್ಕನ್ನು ಕೊನೆಗೆ ಇಟ್ಟುಕೊಳ್ಳಿ. ದೂರದಲ್ಲಿ ನಿಂತ ಕ್ಯಾಟಪಲ್ಟ್, ಈ ಸುತ್ತಿನಲ್ಲಿ ಯಾರ ಕಣ್ಣಿಗೂ ಬೀಳದ ಲೋಕಸ್ಟ್, ಇವುಗಳನ್ನು ಮೊದಲು ನಡೆಸಿ ಮುಗಿಸಿ.

ಸೋತಾಗಲೂ ಇದೇ ಕ್ರಮ. ಆದರೆ ಒಂದು ವ್ಯತ್ಯಾಸ ಇದೆ. ಸೋತ ಸುತ್ತಿನಲ್ಲಿ ಆಳವಾದ ದಾಳಿಗೆ ಹೋಗಬೇಡಿ. ನೀವು ಎದುರಾಳಿಯ ಬೆನ್ನ ಹಿಂದೆ ಹೋಗಿ ನಿಂತರೆ, ಅವನ ಇನ್ನೊಂದು ಮೆಕ್ ನಿಮ್ಮ ಬೆನ್ನ ಹಿಂದೆ ಬಂದು ನಿಲ್ಲುತ್ತದೆ. ಆ ಸುತ್ತಿನಲ್ಲಿ ಕಾಡು ಹಿಡಿಯಿರಿ, ಗುಡ್ಡದ ಹಿಂದೆ ಸರಿಯಿರಿ, ಮುಂದಿನ ಸುತ್ತಿಗೆ ಹತ್ತಿರ ಇರಿ.

ಸಂಖ್ಯೆ ಜಾಸ್ತಿ ಇದ್ದವರಿಗೆ ಇಲ್ಲಿ ಸಹಜ ಲಾಭ. ಒಂದು ದೊಡ್ಡ ಮೆಕ್ ಬದಲು ಎರಡು ಚಿಕ್ಕ ಮೆಕ್ ತಂದರೆ, ಗೆದ್ದ ಸುತ್ತಿನಲ್ಲಿ ಒಂದನ್ನು ಮೊದಲು ನಡೆಸಿ ಇನ್ನೊಂದನ್ನು ಕೊನೆಗೆ ಇಟ್ಟುಕೊಳ್ಳಬಹುದು. ಹುಲಿ-ಕುರಿಯಲ್ಲಿ ಕುರಿಗಳ ಬಲ ಇದೇ ತಾನೇ.

ಹೆಜ್ಜೆ 5: ಎರಡು ಕಡೆಯಿಂದ ಬನ್ನಿ

ಮೆಕ್ ತನ್ನ ಸೊಂಟವನ್ನು ಒಂದು ಬದಿಯಷ್ಟು ತಿರುಗಿಸಬಹುದು, ಎಡಕ್ಕೋ ಬಲಕ್ಕೋ. ಒಂದೇ ಕಡೆಗೆ. ಎರಡು ಮೆಕ್‌ಗಳ ದಾಳಿಯ ಗುಟ್ಟು ಇದರಲ್ಲಿದೆ.

ಮತ್ತೆ ಆಸಮ್. ಲೋಕಸ್ಟ್ 10 ಮನೆ ಓಡಿ ಅದರ ಬೆನ್ನ ಹಿಂದಿನ ಪಕ್ಕದ ಮನೆಗೆ ಬಂದಿದೆ. ವುಲ್ವರೀನ್ ಅದರ ಎಡಗಡೆ 2 ಮನೆ ದೂರದಲ್ಲಿದೆ. ಆಸಮ್ ಈಗ ಆರಿಸಬೇಕು. ಎಡಕ್ಕೆ ತಿರುಗಿದರೆ ಮೂರೂ ಪಿಪಿಸಿ ವುಲ್ವರೀನ್ ಕಡೆಗೆ, ಅದೂ 10ರ ಅಂಕೆಗೆ. ಆಗ ಹಿಂದಿನ ಲೋಕಸ್ಟ್ ಮೇಲೆ ಒಂದು ಗುಂಡೂ ಇಲ್ಲ. ಬಲಕ್ಕೆ ತಿರುಗಿದರೆ ಬಲಗೈಯ ಪಿಪಿಸಿ ಹಿಂದಿನವರೆಗೂ ತಲುಪುತ್ತದೆ. ಇದನ್ನು ಹೊಸಬರು ಮರೆತುಬಿಡುತ್ತಾರೆ. ಬೆನ್ನ ಹಿಂದೆ ಇದ್ದೇನೆ, ಏನೂ ಆಗಲ್ಲ ಅಂದುಕೊಂಡಿರುತ್ತಾರೆ. ಆದರೆ ಬಲಕ್ಕೆ ತಿರುಗಿದ ಆಸಮ್‌ಗೆ ಎಡಗಡೆಯ ವುಲ್ವರೀನ್ ಸಿಗುವುದಿಲ್ಲ. ಲೋಕಸ್ಟ್‌ಗೆ ಹೊಡೆಯಲು ಬೇಕಾದ ಅಂಕೆ ನೋಡಿ: 4, ನಡಿಗೆಗೆ 1, ಲೋಕಸ್ಟ್ ಓಟಕ್ಕೆ 4, ಕನಿಷ್ಠ ದೂರಕ್ಕೆ 3. ಒಟ್ಟು 12. ಮೂವತ್ತಾರರಲ್ಲಿ ಒಂದು ಸಲ.

ಸೊಂಟ ತಿರುಗಿಸಿದರೆ ಬೆನ್ನು ಉಳಿಯುತ್ತದಾ? ಇಲ್ಲ. ಗುಂಡು ಯಾವ ಕಡೆಯಿಂದ ಬಂತು ಅನ್ನೋದನ್ನು ಪಾದದ ದಿಕ್ಕಿನಿಂದಲೇ ನೋಡಬೇಕು. ಸೊಂಟ ಎಲ್ಲಿ ತಿರುಗಿದ್ದರೂ ಲೋಕಸ್ಟ್‌ನ ಲೇಸರ್ ಎದೆಗೆ ಬಿದ್ದರೆ ಬೆನ್ನಿನ ಕವಚಕ್ಕೇ ಬೀಳುತ್ತದೆ.

ಎಡಗಡೆಯ ದಾಳಿಗೆ ಇನ್ನೊಂದು ಲಾಭ ಇದೆ. ಎದುರಿನಿಂದ ಹೊಡೆದರೆ ಹಾನಿ ಮೈಯೆಲ್ಲ ಹರಡುತ್ತದೆ. ಎಡಬದಿಯಿಂದ ಹೊಡೆದರೆ ಎಡಗೈ, ಎಡಗಾಲು, ಎದೆಯ ಎಡಭಾಗ ಈ ಮೂರಕ್ಕೇ ಸೇರಿ 36ರಲ್ಲಿ 21 ಏಟು, ಅಂದರೆ ಶೇ. 58 ಬೀಳುತ್ತವೆ. ಹಾಗಾಗಿ ಒಮ್ಮೆ ಎಡದಿಂದ ಶುರು ಮಾಡಿದರೆ ಮುಂದಿನ ಸುತ್ತೂ ಎಡಕ್ಕೇ ಹೋಗಲು ನೋಡಿ. ಎದೆಯ ಬದಿ ಹೋದರೆ ಅದರ ಜೊತೆ ಆ ಕಡೆಯ ಕೈಯೂ ಹೋಗುತ್ತದೆ.

ಹೆಜ್ಜೆ 6: ಒಬ್ಬನ ಮೇಲೇ ಎಲ್ಲರೂ

ನಾಲ್ಕು ಮೆಕ್ ನಾಲ್ಕು ಕಡೆ ಹೊಡೆದರೆ ನಾಲ್ಕು ಗಾಯ. ನಾಲ್ಕೂ ಒಂದೇ ಕಡೆ ಹೊಡೆದರೆ ಎದುರಾಳಿಗೆ ಉಳಿಯುವುದು ಮೂರೇ ಮೆಕ್. ಗಾಯಗೊಂಡ ಮೆಕ್ ಪೂರ್ತಿ ಶಕ್ತಿಯಲ್ಲೇ ವಾಪಸ್ ಹೊಡೆಯುತ್ತದೆ ಅನ್ನೋದನ್ನು ಮರೆಯಬೇಡಿ.

ಯಾರನ್ನು ಆರಿಸಬೇಕು? ತುಂಬ ಜನ ದೊಡ್ಡದನ್ನೇ ಆರಿಸುತ್ತಾರೆ. ನನ್ನ ಲೆಕ್ಕ ಬೇರೆ. ಈ ಸುತ್ತಿನಲ್ಲಿ ನಮ್ಮಲ್ಲಿ ಹೆಚ್ಚು ಜನಕ್ಕೆ 7 ಅಥವಾ ಅದಕ್ಕಿಂತ ಕಡಿಮೆ ಅಂಕೆ ಯಾರ ಮೇಲೆ ಸಿಗುತ್ತದೋ ಅವನೇ ಗುರಿ. ಇಬ್ಬರು ಸಮ ಬಂದರೆ, ಹೆಚ್ಚು ಹಾನಿ ಮಾಡಬಲ್ಲವನನ್ನು ಆರಿಸಿ.

ಗುಂಡಿನ ಹಂತದ ಹಾನಿ ಎಲ್ಲ ಒಟ್ಟಿಗೆ ಲೆಕ್ಕಕ್ಕೆ ಬರುತ್ತದೆ. ಸತ್ತ ಮೆಕ್ ಕೂಡ ಆ ಹಂತದ ತನ್ನ ಗುಂಡು ಹಾರಿಸಿಯೇ ಬೀಳುತ್ತದೆ. ಮೊದಲು ಕೊಂದುಬಿಟ್ಟರೆ ಅವನು ಹೊಡೆಯಲಾರ ಅನ್ನೋ ಆಸೆ ಇಲ್ಲಿ ನಡೆಯುವುದಿಲ್ಲ.

ಆದರೆ ನಿಮ್ಮ ಗುಂಡುಗಳನ್ನು ಯಾವ ಸಾಲಿನಲ್ಲಿ ಹಾಕುತ್ತೀರಿ ಅನ್ನೋದರಲ್ಲಿ ಲಾಭ ಇದೆ. ಮೊದಲು ದೊಡ್ಡ ಏಟು, ಆಮೇಲೆ ಚಿಕ್ಕ ಏಟುಗಳು. ಪಿಪಿಸಿ, ಲಾರ್ಜ್ ಲೇಸರ್ ಕವಚದಲ್ಲಿ ತೂತು ಮಾಡಲಿ. ಆಮೇಲೆ ಎಸ್‌ಆರ್‌ಎಂ. ಅದರ ಒಂದೊಂದು ಕ್ಷಿಪಣಿಗೂ 2 ಹಾನಿ, ಒಂದೊಂದಕ್ಕೂ ಬೇರೆ ಜಾಗದ ದಾಳ. ಆ ತೂತಿಗೆ ಒಂದು ಬಿದ್ದರೂ ಒಳಗಿನ ಭಾಗಕ್ಕೆ ಏಟು. ಆಗ ಎರಡು ದಾಳದಲ್ಲಿ 8 ಅಥವಾ ಜಾಸ್ತಿ ಬಿದ್ದರೆ ಒಳಗೆ ಏನೋ ಒಂದು ಕೆಡುತ್ತದೆ. ಎಂಜಿನ್‌ಗೆ ಮೂರು ಏಟು ಬಿದ್ದರೆ ಮೆಕ್ ಮುಗಿಯಿತು. ಸಮತೋಲನ ಕಾಯುವ ಗೈರೋಗೆ ಎರಡು ಬಿದ್ದರೆ ನಿಲ್ಲಲಾರದು. ಎಲ್‌ಆರ್‌ಎಂ-15ರ ತುಂಬಿದ ಒಂದು ಟನ್ ಮದ್ದಿಗೆ ಬಿದ್ದರೆ 120 ಹಾನಿಯ ಸ್ಫೋಟ. ಕ್ಯಾಟಪಲ್ಟ್‌ನ ಎದೆಯ ಬದಿಗಳನ್ನು ನಾನು ಬಿಡದೆ ಹುಡುಕುವುದು ಇದಕ್ಕೇ.

ಹೆಜ್ಜೆ 7: ಬೀಳಿಸಿ

ಹೊಸಬರು ಪೂರ್ತಿ ಬಿಟ್ಟುಬಿಡುವ ಹಂತ ಇದು. ಗುಂಡಿನ ಹಂತ ಮುಗಿದ ತಕ್ಷಣ ಹಾಳೆ ಪಕ್ಕಕ್ಕಿಟ್ಟು ಮುಂದಿನ ಸುತ್ತಿಗೆ ಹೋಗುತ್ತಾರೆ. ಕೈಕಾಲಿನ ಹಂತದಲ್ಲಿ ಎಷ್ಟೋ ಆಟ ಗೆದ್ದಿದ್ದೇನೆ.

ಒಂದು ಹಂತದಲ್ಲಿ ಒಂದು ಮೆಕ್‌ಗೆ ಒಟ್ಟು 20 ಅಥವಾ ಜಾಸ್ತಿ ಹಾನಿ ಆದರೆ ಅದರ ಪೈಲಟ್ ದಾಳ ಹಾಕಬೇಕು. ಮಾಮೂಲಿ ಪೈಲಟ್‌ಗೆ 6 ಬೇಕು. ಬೀಳುವ ಸಾಧ್ಯತೆ ಶೇ. 28. ಹಾನಿ ಒಬ್ಬರೇ ಮಾಡಬೇಕಂತಿಲ್ಲ, ಎಲ್ಲರದ್ದೂ ಕೂಡಿ 20 ಆದರೆ ಸಾಕು. ಒಬ್ಬನ ಮೇಲೇ ಎಲ್ಲರೂ ಹೊಡೆಯುವುದಕ್ಕೆ ಇದೂ ಒಂದು ಕಾರಣ. ಅದಾದ ಮೇಲೆ ಒದೆತ. ತಗುಲಿದರೆ ಮತ್ತೆ ಪೈಲಟ್ ದಾಳ ಹಾಕಬೇಕು, ಈ ಸಲ 5 ಬೇಕು.

ನಿಂತ ಮೆಕ್ ನಿಂತ ಮೆಕ್ಕನ್ನು ಒದೆಯಲು 3 ಸಾಕು. ಮೂವತ್ತಾರರಲ್ಲಿ ಮೂವತ್ತೈದು ಸಲ ತಗುಲುತ್ತದೆ. ಇಷ್ಟು ನಂಬಿಕೆಯ ಆಯುಧ ಆಟದಲ್ಲಿ ಇನ್ನೊಂದಿಲ್ಲ. ಬಿಸಿಯಿಲ್ಲ, ಮದ್ದು ಬೇಡ. ತಪ್ಪಿದರೆ ಮಾತ್ರ ಒದೆದವನೇ ಬೀಳುವ ಅಪಾಯ ಇದೆ.

ಬಿದ್ದವನು ಏಳಲು ಮುಂದಿನ ಸುತ್ತಿನಲ್ಲಿ 2 ಅಂಕ ಖರ್ಚು ಮಾಡಬೇಕು, ಮೇಲಿಂದ ಪೈಲಟ್ ದಾಳವನ್ನೂ ಗೆಲ್ಲಬೇಕು. ನಡಿಗೆ 3 ಇರುವ ಆಸಮ್ ಎದ್ದು ಹೆಚ್ಚು ದೂರ ಹೋಗಲಾರದು. ಅಲ್ಲೇ ಹತ್ತಿರದಲ್ಲೇ ಸಿಗುತ್ತದೆ. ಏಳಲಾಗದೆ ಬಿದ್ದೇ ಇದ್ದರೆ, ಪಕ್ಕದ ಮನೆಯಿಂದ ಹೊಡೆಯುವವರಿಗೆ ಅಂಕೆಯಲ್ಲಿ 2 ಕಡಿಮೆ. ದೂರದಿಂದ ಹೊಡೆಯುವವರಿಗೆ 1 ಜಾಸ್ತಿ. ಬಿದ್ದವನ ಹತ್ತಿರ ಹೋಗಿ.

ಗುಡ್ಡ ಇದ್ದರೆ ಇನ್ನೊಂದು ಪಟ್ಟು ಇದೆ. ನೀವು ಒಂದು ಹಂತ ಮೇಲೆ, ಎದುರಾಳಿ ಪಕ್ಕದ ಮನೆಯಲ್ಲಿ ಒಂದು ಹಂತ ಕೆಳಗೆ ಅಂತಿಟ್ಟುಕೊಳ್ಳಿ. ಆಗ ನಿಮ್ಮ ಒದೆತ ಅವನ ಕಾಲಿಗೆ ಬೀಳದೆ ಮೈ ಮೇಲ್ಭಾಗಕ್ಕೆ ಬೀಳುತ್ತದೆ. ಒಂದು ದಾಳ ಹಾಕಿ. 6 ಬಿದ್ದರೆ ತಲೆ. ಯಾವ ಮೆಕ್‌ನ ತಲೆಗೂ 9ಕ್ಕಿಂತ ಜಾಸ್ತಿ ಕವಚ ಇರುವುದಿಲ್ಲ, ಒಳಗೆ 3. ಒಟ್ಟು 12 ಹಾನಿ ಆದರೆ ತಲೆ ಹೋಯಿತು, ಮೆಕ್ ಹೋಯಿತು. 60 ಟನ್ ಮತ್ತು ಮೇಲ್ಪಟ್ಟ ಯಾವ ಮೆಕ್‌ನ ಒದೆತಕ್ಕೂ ಆ ಶಕ್ತಿ ಇದೆ. 55 ಟನ್ನಿನ ವುಲ್ವರೀನ್ ಒದೆತಕ್ಕೆ 11. ಒಂದೇ ಒಂದು ಕಡಿಮೆ! ಅದಕ್ಕೇ ಥಂಡರ್‌ಬೋಲ್ಟ್‌ನಂಥ 65 ಟನ್ನಿನವನನ್ನು ನಾನು ಗುಡ್ಡದ ಅಂಚಿಗೆ ಕಳಿಸುತ್ತೇನೆ. ನೀವು ಕೆಳಗಿದ್ದು ಅವನು ಮೇಲಿದ್ದರೆ ಬೇಗ ಜಾಗ ಬಿಡಿ.

ಬಿಸಿಯ ಬಗ್ಗೆ

ಎಲ್ಲ ಆಯುಧ ಒಟ್ಟಿಗೆ ಹಾರಿಸುವುದಕ್ಕೆ ಆಲ್ಫಾ ಸ್ಟ್ರೈಕ್ ಅನ್ನುತ್ತಾರೆ. 85 ಟನ್ನಿನ ಬ್ಯಾಟಲ್‌ಮಾಸ್ಟರ್ ಓಡಿಕೊಂಡು ಬಂದು ಮುಂದಿನ ಆಯುಧವೆಲ್ಲ ಹಾರಿಸಿತು ಅನ್ನಿ. ಪಿಪಿಸಿಗೆ 10, ನಾಲ್ಕು ಮೀಡಿಯಂ ಲೇಸರ್‌ಗೆ 12, ಎಸ್‌ಆರ್‌ಎಂ-6ಕ್ಕೆ 4, ಓಟಕ್ಕೆ 2. ಒಟ್ಟು 28. ಹೀಟ್ ಸಿಂಕ್ 18. ಉಳಿದ 10 ಮೈಮೇಲೇ. ಮುಂದಿನ ಸುತ್ತಿನಲ್ಲಿ ನಡಿಗೆ 4ರಿಂದ 2ಕ್ಕೆ ಇಳಿಯಿತು, ಗುಂಡಿನ ಅಂಕೆಗೆ 1 ಸೇರಿತು. ದಾಳಿಗೆ ಹೋದವನೇ ಈಗ ನಿಧಾನದ ಗುರಿ. 14 ಮುಟ್ಟಿದರೆ ಮೆಕ್ ತಾನೇ ನಿಂತುಹೋಗುವ ದಾಳ ಶುರುವಾಗುತ್ತದೆ. ನಿಂತುಹೋದ ಮೆಕ್ ಮೇಲೆ ಎಲ್ಲರಿಗೂ ಅಂಕೆಯಲ್ಲಿ 4 ಕಡಿಮೆ.

ನಾನು ಪಾಲಿಸುವ ಮಿತಿ 4. 5 ಮುಟ್ಟಿದರೆ ವೇಗ ಕಡಿಮೆಯಾಗುತ್ತದೆ, ನಮ್ಮ ರಕ್ಷಣೆಯೆಲ್ಲ ವೇಗದಲ್ಲೇ ಇದೆ. 9 ಅಥವಾ ಜಾಸ್ತಿ ಬೇಕಾದ ಪಿಪಿಸಿಯನ್ನು ಹಾರಿಸದೇ ಬಿಡಿ. ಶೇ. 28ರ ಆಸೆಗೆ 10 ಬಿಸಿ ಕೊಡಬೇಡಿ. ಕೊನೆಯ ಏಟು ಅಂತ ಖಾತ್ರಿ ಇದ್ದಾಗ ಮಾತ್ರ ಈ ಮಿತಿ ಮುರಿಯಿರಿ.

ಕಣ್ಣಿಗೆ ಕಾಣದ ಕಡೆಯಿಂದ ಎಲ್‌ಆರ್‌ಎಂ

ಗುಡ್ಡದ ಹಿಂದೆ ಕ್ಯಾಟಪಲ್ಟ್ ನಿಲ್ಲಿಸಿ, ಮುಂದೆ ಲೋಕಸ್ಟ್ ಕಳಿಸಿ, ಅದು ನೋಡಿ ಹೇಳಿದ ಜಾಗಕ್ಕೆ ಕ್ಷಿಪಣಿ ಸುರಿಸುವುದು. ಕೇಳಲು ಚೆನ್ನಾಗಿದೆ. ಲೆಕ್ಕ ಹಾಕಿ: ಗನ್ನರಿ 4, ಪರೋಕ್ಷ ಗುಂಡಿಗೆ 1, ನೋಡಿ ಹೇಳುವ ಲೋಕಸ್ಟ್ ಓಡಿದ್ದಕ್ಕೆ 2, ಮಧ್ಯದ ದೂರಕ್ಕೆ 2. 9 ಆಯಿತು, ಗುರಿ ಇನ್ನೂ ಕದಲೇ ಇಲ್ಲ. ಲೋಕಸ್ಟ್ ತಾನೂ ಗುಂಡು ಹಾರಿಸಿದರೆ ಇನ್ನೂ 1. ಕ್ಯಾಟಪಲ್ಟ್‌ನ ಒಂದೊಂದು ಪೆಟ್ಟಿಗೆಗೆ 8 ಸಲಕ್ಕಾಗುವಷ್ಟೇ ಮದ್ದು ಇದೆ. ಮೊದಲ ಒಂದೆರಡು ಸುತ್ತು ಹತ್ತಿರ ಬರುವವರೆಗೆ ಮಾಡಿ, ಆಮೇಲೆ ಕ್ಯಾಟಪಲ್ಟ್ ಹೊರಗೆ ಬಂದು 7 ಮನೆ ದೂರದಲ್ಲಿ ನಿಂತು ನೇರ ಹೊಡೆಯಲಿ. 7 ಮನೆ ಅದರ ಚಿನ್ನದ ಮನೆ. ಕನಿಷ್ಠ ದೂರದ ನಷ್ಟ ಇಲ್ಲ, ಇನ್ನೂ ಹತ್ತಿರದ ದೂರವೇ ಲೆಕ್ಕ.

ಹೆಜ್ಜೆ 8: ವಾಪಸ್ ಬರುವ ದಾರಿ

ಕಬಡ್ಡಿಯಲ್ಲಿ ರೈಡ್‌ಗೆ ಹೋದವನ ಒಂದು ಕಣ್ಣು ನಡುಗೆರೆ ಮೇಲಿರುತ್ತದೆ. ಇಲ್ಲೂ ಹಾಗೇ ಇರಬೇಕು. ಬೆನ್ನ ಹಿಂದೆ ನಿಂತ ಲೋಕಸ್ಟ್ ಮುಂದಿನ ಸುತ್ತಿನಲ್ಲಿ ಇನಿಶಿಯೇಟಿವ್ ಸೋತರೆ ಎಲ್ಲಿಗೆ ಓಡುತ್ತದೆ? ಮುಂದೆ ಕನಿಷ್ಠ 10 ಮನೆಯ ಬಯಲು ಇದೆಯಾ? ಅಥವಾ ಎದುರಿಗೆ ದಟ್ಟ ಕಾಡಾ? ದಟ್ಟ ಕಾಡಿನ ಒಂದು ಮನೆಗೆ 3 ಅಂಕ ಹೋಗುತ್ತದೆ. ಅಲ್ಲಿ ಸಿಕ್ಕಿಬಿದ್ದ ಲೋಕಸ್ಟ್‌ಗೆ 8 ಕವಚದ, 4 ಎಲುಬಿನ ಕಾಲು. ಆಸಮ್‌ನ ಒಂದು ಒದೆತ 16.

ಹಾಗಾಗಿ ಚಿಕ್ಕ ಮೆಕ್ಕನ್ನು ನಿಲ್ಲಿಸುವಾಗ ಮುಖ ಬಯಲ ಕಡೆಗೋ ದಾರಿ ಕಡೆಗೋ ಇರುವ ಹಾಗೆ ನೋಡಿಕೊಳ್ಳಿ. ಗುಂಡು ಹೊಡೆಯಲು ಸೊಂಟ ತಿರುಗಿಸಿದರೆ ಆಯಿತು. ಇದೊಂದು ಅಭ್ಯಾಸದಿಂದ ನನ್ನ ಲೋಕಸ್ಟ್‌ಗಳು ಮೊದಲಿಗಿಂತ ಎಷ್ಟೋ ಸುತ್ತು ಜಾಸ್ತಿ ಬದುಕಿವೆ.

ಅಭ್ಯಾಸಕ್ಕೆ ಒಂದು ಆಟ

ಒಂದು ನಕ್ಷೆ ಹಾಕಿ. ಒಂದು ಕಡೆ ಆಸಮ್ ಒಂದೇ. ಇನ್ನೊಂದು ಕಡೆ ವುಲ್ವರೀನ್ ಮತ್ತು ಲೋಕಸ್ಟ್. ಬ್ಯಾಟಲ್ ವ್ಯಾಲ್ಯೂ (ಮೆಕ್‌ನ ಯುದ್ಧಬಲದ ಅಂಕೆ) ಲೆಕ್ಕದಲ್ಲಿ ಆಸಮ್‌ಗೆ 1605, ವುಲ್ವರೀನ್‌ಗೆ 1101, ಲೋಕಸ್ಟ್‌ಗೆ 432. ಎರಡು ಕಡೆಯೂ ಹತ್ತಿರ ಹತ್ತಿರ ಸಮ. ಎರಡು ಸಲ ಆಡಿ, ಎರಡನೇ ಸಲ ಕಡೆ ಬದಲಾಯಿಸಿ. ಆಸಮ್ ಆಡುವಾಗ ಬೆನ್ನನ್ನು ನಕ್ಷೆಯ ಅಂಚಿಗೆ ಕೊಟ್ಟು ನಿಂತು ನೋಡಿ. ಲೋಕಸ್ಟ್‌ಗೆ ಹಿಂದೆ ಬರಲು ಜಾಗವೇ ಇರುವುದಿಲ್ಲ. ಆಗ ಎದುರು ಕಡೆಯವರು ಅದನ್ನು ಅಂಚಿನಿಂದ ಹೊರಗೆ ಎಳೆಯಲು ಏನು ಮಾಡುತ್ತಾರೆ ಗಮನಿಸಿ. ಪ್ರತಿ ಗುಂಡಿಗೂ ದಾಳ ಹಾಕುವ ಮುಂಚೆ ಎರಡೂ ಕಡೆಯ ಅಂಕೆಗಳನ್ನು ಒಂದು ಕಾಗದದಲ್ಲಿ ಬರೆದಿಡಿ, ಆಟ ಮುಗಿದ ಮೇಲೆ ಇಬ್ಬರೂ ಕೂತು ಓದಿ.